ಒಳಪಟ್ಟಿ ಕಪ್ಪಾಗದ ದಿನ

ಕೋವಿಡ್ ಇಳಿದ ಮರುವರ್ಷದ ಮಾತು. ಆಗ ನಾನು ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕನಾಗಿದ್ದೆ. ಆ ಹುದ್ದೆಗೆ ಬಂದು ಒಂಬತ್ತು ವರ್ಷಗಳಾಗಿದ್ದವು. ಅದಕ್ಕೂ ಮೊದಲು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಲ್ಲಿ ಯಾರಾದರೂ ಬೆನ್ನು ಮುರಿದುಕೊಂಡರೆ ಹುಬ್ಬಳ್ಳಿಗೋ ಬಳ್ಳಾರಿಗೋ ಹೊತ್ತೊಯ್ಯಬೇಕಿತ್ತು. ನಮ್ಮಲ್ಲೇ ಸ್ಕ್ರೂ, ರಾಡ್ ಹಾಕಿ ಮೂಳೆಯನ್ನು ನಿಲ್ಲಿಸುವ ವ್ಯವಸ್ಥೆಯಾದ ಮೇಲೆ ಜನ ನೇರವಾಗಿ ಇಲ್ಲಿಗೇ ಬರತೊಡಗಿದರು. ಒಳ್ಳೆಯ ಹೆಸರು ಬಂತು. ಹೆಸರು ಬಂದ ಮೇಲೆ ಮನುಷ್ಯನಿಗೆ ಸ್ವಲ್ಪ ಕಿವಿ ಮಂದವಾಗುತ್ತದೆ ಎನ್ನುವುದು ನನಗೆ ತಿಳಿದದ್ದು ಆ ವರ್ಷವೇ.

ಆ ಬೇಸಿಗೆಯಲ್ಲಿ ಒಂದೇ ತಿಂಗಳಲ್ಲಿ ನನ್ನ ಇಬ್ಬರು ರೋಗಿಗಳ ಗಾಯಕ್ಕೆ ಸೋಂಕು ತಗುಲಿತು. ಶಸ್ತ್ರಚಿಕಿತ್ಸೆ ಮಾಡಿದ ಜಾಗದಲ್ಲೇ ಆಗುವ ಇಂಥ ಸೋಂಕಿಗೆ ಸರ್ಜಿಕಲ್ ಸೈಟ್ ಇನ್ಫೆಕ್ಷನ್ ಎನ್ನುತ್ತೇವೆ. ಬೇರೆ ಕಡೆ ಆದರೆ ಕೀವು ತೆಗೆದು ಔಷಧ ಕೊಟ್ಟರೆ ಮುಗಿಯಬಹುದು. ಬೆನ್ನಿನಲ್ಲಿ ಹಾಗಲ್ಲ. ಅಲ್ಲಿ ಲೋಹ ಇರುತ್ತದೆ. ರೋಗಾಣುಗಳು ಲೋಹದ ಮೇಲೆ ತೆಳ್ಳಗೆ ಪಾಚಿಯಂತೆ ಹಬ್ಬಿ ಕೂತುಬಿಡುತ್ತವೆ. ರಕ್ತಕ್ಕೆ ಕೊಟ್ಟ ಔಷಧ ಅವುಗಳ ಬುಡಕ್ಕೆ ತಲುಪುವುದಿಲ್ಲ.

ಇಬ್ಬರಲ್ಲಿ ಒಬ್ಬರು ಗಂಗಾವತಿಯ ವಯಸ್ಸಾದ ಹೆಣ್ಣುಮಗಳು. ಒಂದು ಸಲ ಗಾಯ ತೊಳೆದ ಮೇಲೆ ಗುಣವಾದರು. ಇನ್ನೊಬ್ಬರು ಬೇವೂರಿನ ಫಕೀರಪ್ಪ, ಟ್ರ್ಯಾಕ್ಟರ್ ಚಾಲಕ. ಮನೆಗೆ ಹೋಗಿದ್ದವರು ಹನ್ನೆರಡನೆಯ ದಿನ ಮರಳಿ ಬಂದರು; ಹೊಲಿಗೆಯ ನಡುವಿನಿಂದ ತಿಳಿ ಕೆಂಪು ನೀರು ಜಿನುಗುತ್ತಿತ್ತು. ಗಾಯ ಬಿಚ್ಚಿ ತೊಳೆದೆವು. ಮತ್ತೆ ಜಿನುಗಿತು, ಮತ್ತೆ ತೊಳೆದೆವು. ಮೂರನೆಯ ಸಲ ತೊಳೆಯಲೆಂದು ಅವರನ್ನು ಥಿಯೇಟರಿಗೆ ಕರೆದೊಯ್ಯುವಾಗ ಸ್ಟ್ರೆಚರ್ ಮೇಲಿಂದಲೇ ನನ್ನ ಕೈ ಹಿಡಿದು, "ಸರ್, ಆಪರೇಷನ್ ಒಂದ ಸಲ ಅಂದಿದ್ರಿ. ಇದು ನಾಕನೇದು" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಎಣಿಸಿ ಹೇಳಿದ್ದು. ಆರು ವಾರ ಆಸ್ಪತ್ರೆಯಲ್ಲಿದ್ದು ಅವರು ಮತ್ತೆ ಮನೆಗೆ ಹೋದರು. ಜೀವ ಉಳಿಯಿತು, ನಡೆದಾಡುವಂತಾಯಿತು. ಟ್ರ್ಯಾಕ್ಟರ್ ಮಾತ್ರ ಮತ್ತೆ ಹತ್ತಲಾಗಲಿಲ್ಲ.

ಕಾರಣ ಹುಡುಕುವಾಗ ನಾನು ಎಲ್ಲ ಕಡೆ ಬೆರಳು ತೋರಿಸಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು ಎಂದೆ. ಇನ್ನೊಬ್ಬರು ಮನೆಯಲ್ಲಿ ಡ್ರೆಸ್ಸಿಂಗ್ ಒದ್ದೆ ಮಾಡಿಕೊಂಡಿರಬೇಕು ಎಂದೆ. ಕೊನೆಗೆ, ಎಷ್ಟೋ ಕಡೆ ಬಳಕೆಯಲ್ಲಿದ್ದ ಒಂದು ಕ್ರಮವನ್ನು ನಮ್ಮಲ್ಲೂ ಶುರುಮಾಡಿದೆ. ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಇದೆ. ಅದನ್ನು ಸಾಮಾನ್ಯವಾಗಿ ರಕ್ತನಾಳದ ಮೂಲಕ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಮುಗಿದು ಗಾಯ ಮುಚ್ಚುವ ಮೊದಲು ಅದೇ ಔಷಧದ ಒಂದು ಗ್ರಾಂ ಪುಡಿಯನ್ನು ಗಾಯದೊಳಗೆ, ಸ್ನಾಯುಗಳ ಮೇಲೆ, ನೇರವಾಗಿ ಉದುರಿಸುವುದು ಆ ಕ್ರಮ. ರಕ್ತಕ್ಕೆ ಅಷ್ಟು ತೀಕ್ಷ್ಣವಾಗಿ ಕೊಟ್ಟರೆ ಮೂತ್ರಪಿಂಡ ತಡೆಯಲಾರದು. ಗಾಯದಲ್ಲಿ ಮಾತ್ರ ಉಳಿದರೆ ಔಷಧದ ಬಲವೆಲ್ಲ ಬೇಕಾದ ಜಾಗದಲ್ಲೇ ನಿಲ್ಲುತ್ತದೆ. ಇದರಿಂದ ಲಾಭವಿದೆ ಎನ್ನುವವರಿದ್ದಾರೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎನ್ನುವವರೂ ಇದ್ದಾರೆ. ಎಲ್ಲ ಜಾತಿಯ ರೋಗಾಣುಗಳ ಮೇಲೆ ಅದು ಕೆಲಸ ಮಾಡುವುದಿಲ್ಲ ಎಂಬುದಂತೂ ನಿಜ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಫಕೀರಪ್ಪನವರನ್ನು ನೋಡಿದ ಮೇಲೆ ಸಿಕ್ಕಿದ್ದನ್ನೆಲ್ಲ ಮಾಡಿಬಿಡೋಣ ಎನ್ನಿಸಿತ್ತು.

ಆ ಪುಡಿಯನ್ನು ಉದುರಿಸುವ ಹದವನ್ನು ನನಗಿಂತ ಬೇಗ ಹಿಡಿದವರು ನಮ್ಮ ಥಿಯೇಟರಿನ ಮುಖ್ಯ ನರ್ಸ್ ಮಹಾದೇವಿ ಸಿಸ್ಟರ್. ಕುಷ್ಟಗಿಯವರು, ಐವತ್ತರ ಹತ್ತಿರದ ವಯಸ್ಸು. ಮೊದಲ ದಿನ ನಾನು ಒಂದೇ ಕಡೆ ಗುಡ್ಡೆ ಹಾಕಿದ್ದನ್ನು ನೋಡಿ, "ಸರ್, ರೊಟ್ಟಿ ಬಡಿಯೂ ಮುಂದ ಒಣಹಿಟ್ಟು ಉದುರಿಸಿದಂಗ ಹಾಕ್ರಿ. ಎಲ್ಲಾ ಕಡೀಗೂ ಹತ್ತಬೇಕು" ಎಂದಿದ್ದರು. ಅದಕ್ಕಿಂತ ಹೆಚ್ಚಿಗೆ ಮಾತಾಡುವವರಲ್ಲ. ಥಿಯೇಟರಿನಲ್ಲಿ ಅವರ ದನಿ ಕೇಳಿಸಿತೆಂದರೆ ಗಾಯದೊಳಗೆ ಒಂದೂ ಉಳಿಯಬಾರದೆಂದು ಹತ್ತಿಯ ಉಂಡೆಗಳನ್ನು ಎಣಿಸುತ್ತಿದ್ದಾರೆ ಎಂದೇ ಅರ್ಥ.

ಅದೇ ಸಮಯದಲ್ಲಿ ಅವರು ಇನ್ನೊಂದು ಬದಲಾವಣೆಯನ್ನೂ ತಂದಿದ್ದರು. ಅದನ್ನು ನಾನು ಗಮನಿಸಿರಲೇ ಇಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಟ್ರೇಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿ ಆಟೋಕ್ಲೇವ್ ಎಂಬ ಯಂತ್ರದಲ್ಲಿ ಒತ್ತಡದ ಉಗಿಯಿಂದ ಶುದ್ಧಿ ಮಾಡುತ್ತಾರೆ. ಗಂಟಿನ ಹೊರಗೆ ಒಂದು ಟೇಪ್ ಅಂಟಿಸಿರುತ್ತಾರೆ; ಉಗಿ ತಾಗಿದರೆ ಅದರ ಗೆರೆಗಳು ಕಪ್ಪಾಗುತ್ತವೆ. ನಮ್ಮಲ್ಲಿ ಅಷ್ಟು ನೋಡಿ ಒಳಗೆ ಬಿಡುತ್ತಿದ್ದರು. ಆದರೆ ಹೊರಗೆ ಉಗಿ ತಾಗಿದ ಮಾತ್ರಕ್ಕೆ ಗಂಟಿನ ನಡುವಿಗೂ ಹೊಕ್ಕಿದೆ ಎಂದು ಹೇಳಲಾಗದು. ಅದಕ್ಕೆಂದೇ ಗಂಟಿನ ಒಳಗೆ, ಉಪಕರಣಗಳ ನಡುವೆ ಇಡುವ ಸಣ್ಣ ಕಾಗದದ ಪಟ್ಟಿಗಳು ಸಿಗುತ್ತವೆ; ಉಗಿ ಅಲ್ಲಿಗೂ ಸಾಕಷ್ಟು ತಲುಪಿದರೆ ಮಾತ್ರ ಅವು ಪೂರ್ತಿ ಕಪ್ಪಾಗುತ್ತವೆ. ಮಹಾದೇವಿ ಸಿಸ್ಟರ್ ಮೂರು ಸಲ ಬರೆದುಕೊಟ್ಟು ಆ ಒಳಪಟ್ಟಿಗಳನ್ನು ತರಿಸಿಕೊಂಡಿದ್ದರು. ಮೂರನೆಯ ಅರ್ಜಿಗೆ ನನ್ನ ಸಹಿ ಇತ್ತು. ಓದದೆ ಹಾಕಿದ ಸಹಿ ಅದು.

ಪುಡಿ ಶುರುವಾದ ಮೇಲೆ ಹನ್ನೊಂದು ಜನರಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿದೆ. ಒಬ್ಬರ ಗಾಯವೂ ಕೆಡಲಿಲ್ಲ. ಆ ಯಶಸ್ಸನ್ನೆಲ್ಲ ನಾನು ಪುಡಿಯ ಹೆಸರಿಗೇ ಬರೆದೆ.

ನವೆಂಬರ್ ಕೊನೆ. ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು ನಡೆದಿತ್ತು. ಒಂದು ಮಧ್ಯಾಹ್ನ ಕಾರಟಗಿಯ ಅಕ್ಕಿ ಗಿರಣಿಯಿಂದ ಹುಲಿಗೆವ್ವ ಎಂಬ ಹೆಣ್ಣುಮಗಳನ್ನು ಕರೆತಂದರು. ಮೂವತ್ತೆಂಟು ವರ್ಷ. ಗಿರಣಿಯ ಅಂಗಳದಲ್ಲಿ ಭತ್ತ ಒಣಹಾಕುವ ಹನ್ನೆರಡು ಹೆಂಗಸರ ಗುಂಪಿಗೆ ಮುಂದಾಳು. ಒಂದರ ಮೇಲೊಂದು ಪೇರಿಸಿದ್ದ ಚೀಲಗಳು ಜಾರಿ ಅವಳ ಮೇಲೆ ಬಿದ್ದಿದ್ದವು. ಸೊಂಟದ ಮೊದಲನೆಯ ಕಶೇರು, ಅಂದರೆ ಬೆನ್ನುಮೂಳೆಯ ಒಂದು ಮಣಿ, ಒಡೆದು, ಅದರ ಚೂರು ನರಗಳನ್ನು ಒತ್ತುತ್ತಿತ್ತು. ಎರಡೂ ಕಾಲುಗಳನ್ನು ಹಾಸಿಗೆಯ ಮೇಲೆ ಅತ್ತಿತ್ತ ಸರಿಸಬಲ್ಲಳು, ಎತ್ತಲಾರಳು. ಮೂತ್ರ ತಾನಾಗಿ ಹೋಗುತ್ತಿರಲಿಲ್ಲ; ನಳಿಕೆ ಹಾಕಿದೆವು. ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಇದೆ ಎಂಬುದು ನಮ್ಮಲ್ಲಿ ರಕ್ತ ಪರೀಕ್ಷೆ ಮಾಡಿದಾಗಲೇ ಅವಳಿಗೂ ತಿಳಿದದ್ದು.

"ಸರ್, ನನ್ನ ಕಾಲು ಅದಾವೇನ್ರಿ? ನನಗ ಗೊತ್ತಾಗವಲ್ದು" ಎಂದು ಕೇಳಿದಳು.

"ಅದಾವವ್ವಾ. ನಾಳೆ ಮುಂಜಾನಿ ಆಪರೇಷನ್ ಮಾಡ್ತೀವಿ" ಎಂದೆ.

ನರಗಳು ಪೂರ್ತಿ ಸತ್ತಿರದಿದ್ದಾಗ ಒತ್ತಡವನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು. ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಹತೋಟಿಗೆ ತಂದೆವು. ಅವಳ ಮೈಗಾತ್ರಕ್ಕೆ ಹೊಂದುವ ಸ್ಕ್ರೂ, ರಾಡ್‌ಗಳ ಪೆಟ್ಟಿಗೆ ಹುಬ್ಬಳ್ಳಿಯಿಂದ ಬರಬೇಕಿತ್ತು. ಮುಂಜಾನೆ ಬರಬೇಕಾದದ್ದು ತಡವಾಗಿ ಬಂತು. ತೊಳೆದು, ಸುತ್ತಿ, ಆಟೋಕ್ಲೇವ್‌ಗೆ ಹಾಕಿ ತೆಗೆಯುವಷ್ಟರಲ್ಲಿ ಹನ್ನೊಂದೂವರೆ. ಹುಲಿಗೆವ್ವ ಥಿಯೇಟರಿನಲ್ಲಿ ಮಲಗಿದ್ದಳು. ಅರಿವಳಿಕೆ ವೈದ್ಯರು ಸಿರಿಂಜ್ ತುಂಬಿಕೊಂಡು ನಿಂತಿದ್ದರು. ನಾನು ಕೈ ತೊಳೆಯುತ್ತಿದ್ದೆ.

ರೋಗಿಗೆ ಅರಿವಳಿಕೆ ಕೊಡುವ ಮೊದಲೇ ಗಂಟು ಬಿಚ್ಚಿ ನೋಡುವುದು ಮಹಾದೇವಿ ಸಿಸ್ಟರ್ ಹೊಸದಾಗಿ ಮಾಡಿಕೊಂಡ ರೂಢಿ. ಅವತ್ತೂ ಬಿಚ್ಚಿದರು. ಚಿಮಟದಲ್ಲಿ ಒಂದು ಪಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ಸರ್, ಇದು ಕಪ್ಪಾಗಿಲ್ರಿ."

"ಹೊರಗಿನ ಟೇಪ್?"

"ಹೊರಗಿಂದು ಆಗೇತ್ರಿ. ಒಳಗಿಂದು ಅರ್ಧಕ್ಕ ನಿಂತೈತಿ. ಟ್ರೇದ ತಳದಾಗ ನೀರೂ ನಿಂತೈತಿ."

ನಾನು ಗಡಿಯಾರ ನೋಡಿದೆ. ಹುಲಿಗೆವ್ವನಿಗೆ ಪೆಟ್ಟಾಗಿ ಇಪ್ಪತ್ತೆರಡು ತಾಸು ದಾಟುತ್ತಿತ್ತು. ಮತ್ತೆ ಶುದ್ಧಿ ಮಾಡಬೇಕೆಂದರೆ ಬಿಡಿಸಿ, ಹಂಚಿ, ಸುತ್ತಿ, ಉಗಿಯಲ್ಲಿಟ್ಟು, ಒಣಗಿಸಿ, ತಣಿಸಬೇಕು. ಎರಡು ತಾಸು ಬೇಕೇ ಬೇಕು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ.

"ಹೆಂಗೂ ಕಡೀಕ ವ್ಯಾಂಕೋಮೈಸಿನ್ ಹಾಕ್ತೀವಲ್ಲ ಸಿಸ್ಟರ್. ಶುರು ಮಾಡೋಣ."

ಅವರು ಪಟ್ಟಿಯನ್ನು ಕೆಳಗಿಡಲಿಲ್ಲ.

"ಬ್ಯಾಡ್ರಿ ಸರ್. ಈ ಟ್ರೇ ಕಟ್ಟಿದಾಕಿ ನಾನ. ಸಾಮಾನು ತಡಾ ಬಂತು ಅಂತ ಎರಡು ಟ್ರೇದಾಗ ಹಾಕೂದು ಒಂದ್ರಾಗ ತುಂಬೀನಿ. ಉಗಿ ಒಳಗ ಹೋಗಾಕ ಜಾಗಾನ ಇಲ್ಲ. ತಪ್ಪು ನಂದು. ನನ್ನ ತಪ್ಪು ಮುಚ್ಚಾಕ ಆ ಪುಡಿ ಹಾಕಬ್ಯಾಡ್ರಿ."

ನನಗೆ ಸಿಟ್ಟು ಬಂತು. ಎಲ್ಲರೆದುರು ತಡೆದದ್ದಕ್ಕೆ ಬಂದ ಸಿಟ್ಟು ಅದು. ಆದರೆ ಅದಕ್ಕೆ ರೋಗಿಯ ಹೆಸರು ಹಚ್ಚಿದೆ. "ತಾಸು ಹೋದಂಗ ನರಾ ಸಾಯ್ತಾವ. ನಾಳೆ ಆಕಿ ಕಾಲು ಬರದಿದ್ರ ಯಾರು ಹೊಣಿ?"

"ನಾನೂ ಹೊಣಿ ಸರ್. ಎರಡು ತಾಸು ಕೊಡ್ರಿ. ಕೊಡಂಗಿಲ್ಲ ಅಂದ್ರ, ಈ ಸಾಮಾನು ಮಾತ್ರ ನನ್ನ ಕೈಯಿಂದ ನಿಮ್ಮ ಕೈಗೆ ಬರಂಗಿಲ್ಲ."

ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅವರು ಒಬ್ಬ ಸರ್ಜನ್‌ಗೆ ಇಲ್ಲ ಎಂದದ್ದು ಅದೇ ಮೊದಲೆಂದು ಆಮೇಲೆ ಹೇಳಿದರು. ದನಿ ಏರಿರಲಿಲ್ಲ. ಅರಿವಳಿಕೆ ವೈದ್ಯರು ತುಂಬಿದ ಸಿರಿಂಜನ್ನು ಪಕ್ಕಕ್ಕೆ ಇಟ್ಟುಬಿಟ್ಟರು. ನಾನು ನಲ್ಲಿ ನಿಲ್ಲಿಸಿದೆ.

ಹೊರಗೆ ಹುಲಿಗೆವ್ವನ ಗಂಡ ಯಂಕಪ್ಪ ಕೂತಿದ್ದ. ಅದೇ ಗಿರಣಿಯಲ್ಲಿ ಹಮಾಲಿ ಮಾಡುವವನು. ಏನಾದರೊಂದು ನೆಪ ಹೇಳಬಹುದಿತ್ತು. ಒಳಗೆ ಅಷ್ಟು ನಿಜ ಕೇಳಿ ಬಂದ ಮೇಲೆ ನೆಪ ಬಾಯಿಗೆ ಬರಲಿಲ್ಲ. ಉಪಕರಣ ಸರಿಯಾಗಿ ಶುದ್ಧವಾಗಿಲ್ಲ, ಮತ್ತೆ ಉಗಿಗೆ ಇಟ್ಟಿದ್ದೇವೆ, ಎರಡು ತಾಸು ತಡ ಎಂದೆ. ಬೈಯುತ್ತಾನೆಂದು ಕಾದೆ.

ಅವನು, "ಅನ್ನ ಅರ್ಧ ಬೆಂದಿದ್ರ ಮತ್ತ ಒಲಿ ಮ್ಯಾಲ ಇಡ್ತೀವಲ್ರಿ ಸರ್. ಇಡ್ರಿ, ಕಾಯ್ತೀನಿ" ಎಂದ.

ಒಳಗೆ ಬಂದು ಹುಲಿಗೆವ್ವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಕಾಲು ಗಂಟೆಗೊಮ್ಮೆ ಅವಳ ಕಾಲ್ಬೆರಳು ಅಲುಗುತ್ತವೆಯೇ ಎಂದು ನೋಡುವುದು, ಬರೆದಿಡುವುದು. ಬಲ ಕಡಿಮೆಯಾದರೆ ಏನು ಮಾಡಬೇಕೆಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇತ್ತು. ನಡುವೆ ಮಾತಿಗೆಂದು, "ಚೀಲ ಬೀಳೂದು ನೋಡಿ ಓಡಾಕ ಆಗಲಿಲ್ಲೇನವ್ವಾ?" ಎಂದು ಕೇಳಿದೆ.

"ನಾ ಓಡತಿದ್ನಿರಿ. ನಮ್ಮ ಗುಂಪಿನ ಮಲ್ಲವ್ವ ಬಗ್ಗಿ ಕಸಾ ಗೂಡಸ್ತಿದ್ಲು, ಆಕಿಗೆ ಕಾಣಲಿಲ್ಲ. ಆಕಿನ್ನ ನೂಕೀನಿ. ಅಷ್ಟರಾಗ ನನ್ನ ಮ್ಯಾಲ ಬಿದ್ದುವು."

ಹಿಂದಿನ ದಿನ ಮಧ್ಯಾಹ್ನದಿಂದ ಅವಳ ಕಾಲಿನ ಬಲ, ರಕ್ತದ ಸಕ್ಕರೆ, ಎಕ್ಸ್-ರೇ, ಸ್ಕ್ಯಾನ್ ಎಲ್ಲ ನನಗೆ ಬಾಯಿಪಾಠವಾಗಿದ್ದವು. ಈ ಸಂಗತಿ ಗೊತ್ತಿರಲಿಲ್ಲ. ಆ ಎರಡು ತಾಸು ಸಿಗದಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ.

ಒಂದೂ ಮುಕ್ಕಾಲಿಗೆ ಮಹಾದೇವಿ ಸಿಸ್ಟರ್ ಎರಡು ಟ್ರೇ ತಂದರು. ಎರಡರ ಒಳಪಟ್ಟಿಯನ್ನೂ ನನ್ನ ಕಣ್ಣೆದುರು ಹಿಡಿದರು. ಪೂರ್ತಿ ಕಪ್ಪಾಗಿದ್ದವು. ಅದನ್ನು ನೋಡಿದ ಮೇಲೆಯೇ ಅವರು ಚರ್ಮ ಕೊಯ್ಯುವ ಮೊದಲು ಕೊಡುವ ಆಂಟಿಬಯೋಟಿಕ್ ಚುಚ್ಚುಮದ್ದನ್ನು ಅರಿವಳಿಕೆ ವೈದ್ಯರ ಕೈಗೆ ಕೊಟ್ಟರು. ಮೊದಲೇ ಕೊಟ್ಟಿದ್ದರೆ ಆ ತಡದಲ್ಲಿ ಅದರ ಬಲವೂ ಇಳಿದುಹೋಗುತ್ತಿತ್ತು. ಅದನ್ನೂ ಅವರು ಯೋಚಿಸಿಟ್ಟಿದ್ದರು.

ಶಸ್ತ್ರಚಿಕಿತ್ಸೆ ಮೂರು ತಾಸು ಹಿಡಿಯಿತು. ನರಗಳನ್ನು ಒತ್ತಿದ್ದ ಮೂಳೆಯ ಚೂರನ್ನು ಸರಿಸಿದೆ. ನರಗಳ ಮೇಲಿನ ಪೊರೆ ಹರಿದಿರಲಿಲ್ಲ. ಮೇಲೆ ಕೆಳಗೆ ಸ್ಕ್ರೂ ಹಾಕಿ ರಾಡ್‌ನಿಂದ ಬಿಗಿದೆ. ಗಾಯವನ್ನು ಸಲೈನ್‌ನಿಂದ ಚೆನ್ನಾಗಿ ತೊಳೆದೆವು. ಕೊನೆಗೆ ಸಿಸ್ಟರ್ ವ್ಯಾಂಕೋಮೈಸಿನ್ ಪುಡಿಯ ಬಟ್ಟಲು ಮುಂದೆ ಹಿಡಿದರು. ಸ್ನಾಯುಗಳ ಮೇಲೆ ತೆಳ್ಳಗೆ ಉದುರಿಸಿ ಮುಚ್ಚಿದೆ.

ಐದನೆಯ ದಿನ ಹುಲಿಗೆವ್ವನಿಗೆ ನೂರಾ ಎರಡು ಡಿಗ್ರಿ ಜ್ವರ ಬಂತು. ವಾರ್ಡಿನಿಂದ ಫೋನ್ ಬಂದಾಗ ನಾನು ಹೊರರೋಗಿ ವಿಭಾಗದಲ್ಲಿದ್ದೆ. ಮೆಟ್ಟಿಲು ಹತ್ತುವಾಗ ಫಕೀರಪ್ಪನವರ ಮುಖವೇ ಕಣ್ಣ ಮುಂದಿತ್ತು. ನಾನು ತಲುಪುವ ಮೊದಲೇ ಮಹಾದೇವಿ ಸಿಸ್ಟರ್ ಅಲ್ಲಿದ್ದರು. ಅದು ಅವರ ಕೆಲಸದ ಜಾಗವಲ್ಲ. ಥಿಯೇಟರಿನ ಚಪ್ಪಲಿಯಲ್ಲೇ ಬಂದಿದ್ದರು. ಇಬ್ಬರೂ ಸೇರಿ ಡ್ರೆಸ್ಸಿಂಗ್ ಬಿಚ್ಚಿದೆವು. ಹೊಲಿಗೆ ಒಣಗಿತ್ತು. ಕೆಂಪಿಲ್ಲ, ಬಾವಿಲ್ಲ, ಒತ್ತಿದರೆ ಏನೂ ಜಿನುಗಲಿಲ್ಲ. ಮೂತ್ರದ ನಳಿಕೆಯಿಂದಾದ ಸೋಂಕು ಎಂದು ಪರೀಕ್ಷೆಯಲ್ಲಿ ತಿಳಿಯಿತು. ನಳಿಕೆ ಬದಲಿಸಿ ಔಷಧ ಕೊಟ್ಟೆವು, ಮೂರು ದಿನದಲ್ಲಿ ಜ್ವರ ಇಳಿಯಿತು. ಡ್ರೆಸ್ಸಿಂಗ್ ಬಿಚ್ಚಿದ ದಿನ ವಾರ್ಡಿನ ಕಿಟಕಿಯ ಬಳಿ ನಿಂತು ಸಿಸ್ಟರ್ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದಂತೆ ಬಂದೆ.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿದೆವು. ಆ ದಿನ ಅವರು ನನ್ನ ಕೋಣೆಗೆ ಬಂದು ಇನ್ನೊಂದು ಮಾತು ತೆಗೆದರು.

"ಸರ್, ಫಕೀರಪ್ಪಂದು ಮಾಡೂ ಮುಂದ ಒಳಪಟ್ಟಿ ಇಡತಿದ್ದಿಲ್ರಿ. ಆ ಟ್ರೇನೂ ಹಿಂಗ ತುಂಬಿ ತುಳಕತಿತ್ತು. ನನಗ ನೆನಪೈತಿ."

ಅದರಿಂದಲೇ ಸೋಂಕಾಯಿತೇ? ಈಗ ಯಾರೂ ಸಾಬೀತು ಮಾಡಲಾರರು. ಆಗಿರಲಿಕ್ಕಿಲ್ಲ ಎನ್ನಲೂ ಆಗದು. ಆ ಭಾನುವಾರ ನಾವಿಬ್ಬರೂ ಬೇವೂರಿಗೆ ಹೋದೆವು. ಫಕೀರಪ್ಪನವರು ಮನೆಯ ಮುಂದೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಅವರ ಮನೆಯ ನೀರಿನ ಮೇಲೆ, ಡ್ರೆಸ್ಸಿಂಗ್ ಮೇಲೆ ತಪ್ಪು ಹೊರಿಸಿದ್ದೆನಲ್ಲ, ಅದು ಸರಿಯಲ್ಲ ಎಂದೆ. ತಪ್ಪು ನಮ್ಮ ಕಡೆಯೇ ಇದ್ದಿರಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಇರಬಹುದು ಅಂತೀರಿ, ಇಲ್ಲದೂ ಇರಬಹುದು ಅಂತೀರಿ. ನನ್ನ ಹೇಣತಿ ಮಾತ್ರ ಇಷ್ಟು ದಿನ, ನಾನ ಡ್ರೆಸ್ಸಿಂಗ್ ತೋಯಿಸಿರಬೇಕು ಅಂತ ಅಳತಿದ್ಲು. ಆಕಿಗೆ ಒಂದ ಸಲ ಹೇಳಿಬಿಡ್ರಿ" ಎಂದು ಒಳಗಿದ್ದ ಹೆಂಡತಿಯನ್ನು ಕರೆದರು. ಮಹಾದೇವಿ ಸಿಸ್ಟರ್ ಎದ್ದು ಹೋಗಿ ಆ ತಾಯಿಯ ಎರಡೂ ಕೈ ಹಿಡಿದು, "ನಿಮ್ಮ ತಪ್ಪಲ್ಲವ್ವಾ" ಎಂದರು. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಕಷ್ಟದ ಚಿಕಿತ್ಸೆ ಅದು. ಮಾಡಿದವರು ಅವರು.

ಹುಲಿಗೆವ್ವ ಮೂರು ತಿಂಗಳಿಗೆ ವಾಕರ್ ಹಿಡಿದು, ಆರನೆಯ ತಿಂಗಳಿಗೆ ಕೋಲು ಹಿಡಿದು ಬಂದಳು. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಮೂತ್ರದ ಹಿಡಿತ ಮರಳಿದೆ. ಭತ್ತ ಒಣಹಾಕುವ ಕೆಲಸ ಬಿಟ್ಟು, ಕೂತಲ್ಲಿಂದಲೇ ಗಿರಣಿಯ ಹೆಂಗಸರಿಗೆ ಕೆಲಸ ಹಂಚುವ ಕೆಲಸದಲ್ಲಿದ್ದಾಳೆ. ಮಲ್ಲವ್ವ ಪ್ರತಿ ಸಲವೂ ಅವಳ ಜೊತೆಗೇ ಬರುತ್ತಿದ್ದಳು.

ಗಾಯ ಕೆಡದಿದ್ದುದಕ್ಕೆ ಕಾರಣ ಪುಡಿಯೋ, ಒಳಪಟ್ಟಿಯೋ, ಸಕ್ಕರೆಯ ಹತೋಟಿಯೋ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಒಬ್ಬ ರೋಗಿಯಿಂದ ಅದನ್ನು ಹೇಳಲಾಗದು. ನಾನು ನಿವೃತ್ತನಾಗುವವರೆಗೂ ಪುಡಿ ಬಳಸಿದೆ, ಈಗಲೂ ಬೇಡ ಎನ್ನುವುದಿಲ್ಲ. ಆದರೆ ಅದು ಎಲ್ಲ ಎಚ್ಚರಿಕೆಗಳ ಕೊನೆಯಲ್ಲಿ ಬರುವ ಇನ್ನೊಂದು ಎಚ್ಚರಿಕೆ, ಅಷ್ಟೇ. ಹಿಂದಿನ ತಪ್ಪಿಗೆ ಅದನ್ನು ಹೊದಿಕೆ ಮಾಡಿಕೊಂಡ ದಿನ ಅದು ಔಷಧವಾಗಿ ಉಳಿಯುವುದಿಲ್ಲ.

ಆ ಘಟನೆಯ ನಂತರ ನಮ್ಮ ಥಿಯೇಟರಿನಲ್ಲಿ ಒಂದು ನಿಯಮ ಬಂತು. ಒಳಗಿರುವ ಯಾರೇ ಆಗಲಿ, ಸಂಶಯ ಬಂದರೆ ನಿಲ್ಲಿಸಿ ಎನ್ನಬಹುದು. ಅಂದವರನ್ನು ಯಾರೂ ಗದರುವಂತಿಲ್ಲ. ಬರೆದದ್ದು ನಾನು, ಬದುಕಿ ತೋರಿಸಿದ್ದು ಮಹಾದೇವಿ ಸಿಸ್ಟರ್. ಬೇರೆ ಯಾರದಾದರೂ ತಪ್ಪನ್ನು ಎತ್ತಿ ತೋರಿಸಲು ಧೈರ್ಯ ಸಾಕು. ತನ್ನದೇ ತಪ್ಪನ್ನು ಎಲ್ಲರೆದುರು ಬೆಳಕಿಗೆ ಹಿಡಿಯಲು ಧೈರ್ಯಕ್ಕಿಂತ ದೊಡ್ಡದೇನೋ ಬೇಕು.

ನನ್ನ ನೌಕರಿಯ ಕೊನೆಯ ವಾರ ಒಂದು ಶಸ್ತ್ರಚಿಕಿತ್ಸೆಯ ನಡುವೆ ಮೂಲೆಯಲ್ಲಿ ನಿಂತಿದ್ದ ಆಯಾ ಬಸಮ್ಮ ಸಣ್ಣ ದನಿಯಲ್ಲಿ, "ಸರ್, ನಿಮ್ಮ ಮೊಣಕೈ ದೀಪಕ್ಕ ತಾಕ್ತು ನೋಡ್ರಿ" ಎಂದಳು. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು ಅವಳಿಗೆ. ಆ ದೀಪ ಶುದ್ಧಿ ಮಾಡಿದ್ದಲ್ಲ; ತಾಕಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು, ಹಿಂದೆ ಸರಿದು, ಗೌನ್ ಮತ್ತು ಗ್ಲೌಸ್ ಬದಲಿಸಿಕೊಂಡು ಬಂದೆ. ಯಾರೂ ತಲೆಯೆತ್ತಿ ಅಚ್ಚರಿಯಿಂದ ನೋಡಲಿಲ್ಲ. ಕೆಲಸ ಮುಂದುವರಿಯಿತು.